ನಮ್ಮ ಅಭ್ಯಾಸ ಹಾಳೆಗಳನ್ನು ಎಲ್ಲರಿಗೂ ಬಿಡಬೇಕು: ಯಾವ ಪರವಾನಗಿ ಹಾಕೋಣ, ಫೈಲು ಹೇಗೆ ಇಡೋಣ?

ಪ್ರಶ್ನೆ: ವಿಜ್ಞಾನ ಟೀಚರ್, ಚಿತ್ತಾಪುರ

ಎಲ್ಲರಿಗೂ ನಮಸ್ಕಾರ.

ನಾನು ಚಿತ್ತಾಪುರ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ತಾಲ್ಲೂಕು ಮತ್ತು ಪಕ್ಕದ ಸೇಡಂನ ಕೆಲವು ಶಿಕ್ಷಕರು ಸೇರಿ ಒಂಬತ್ತು, ಹತ್ತನೇ ತರಗತಿಗೆ ಅಭ್ಯಾಸ ಹಾಳೆ ಮಾಡುತ್ತಾ ಬಂದಿದ್ದೇವೆ. ಸಮಾಲೋಚನಾ ಸಭೆಗೆ ಹೋದಾಗ ಒಬ್ಬರ ಹಾಳೆಯನ್ನು ಇನ್ನೊಬ್ಬರು ಜೆರಾಕ್ಸ್ ಮಾಡಿಕೊಳ್ಳುವುದರಿಂದ ಶುರುವಾದ ಕೆಲಸ ಇದು. ಈಗ ವಿಜ್ಞಾನದಲ್ಲಿ ಹೆಚ್ಚುಕಡಿಮೆ ಎಲ್ಲಾ ಪಾಠಕ್ಕೂ ಹಾಳೆ ಇದೆ. ಗಣಿತ ಅರ್ಧ ಆಗಿದೆ. ಇವನ್ನು ಯಾರು ಬೇಕಾದರೂ ತೆಗೆದುಕೊಂಡು, ತಮ್ಮ ಮಕ್ಕಳಿಗೆ ತಕ್ಕಂತೆ ತಿದ್ದಿ, ಮತ್ತೆ ಹಂಚುವ ಹಾಗೆ ಬಿಟ್ಟುಬಿಡಬೇಕು ಅನ್ನುವುದು ನನ್ನ ಆಸೆ.

ಹಾಳೆಯಲ್ಲಿ ಏನಿದೆ ಅಂತ ಹೇಳಿದರೆ ನಿಮಗೂ ಸಲಹೆ ಕೊಡಲು ಸುಲಭ. ನಮ್ಮ ಕಡೆ ಸುಣ್ಣದ ಕಲ್ಲಿಗೆ ಬರವಿಲ್ಲ. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಅದೇ, ಸಿಮೆಂಟ್ ಕಾರ್ಖಾನೆಗೆ ಲಾರಿಯಲ್ಲಿ ಹೋಗುವುದೂ ಅದೇ. ಕ್ಯಾಲ್ಸಿಯಂ ಕಾರ್ಬೊನೇಟನ್ನು ಕಾಯಿಸಿದರೆ ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ, ಸುಣ್ಣವನ್ನು ಸಿಮೆಂಟಿಗೆ ಬಳಸುತ್ತಾರೆ ಎಂದು ಹತ್ತನೇ ತರಗತಿ ಪುಸ್ತಕದಲ್ಲಿ ಒಂದೆರಡು ಸಾಲು ಇದೆ. ನಮ್ಮ ಎಷ್ಟೋ ಮಕ್ಕಳ ಮನೆಯವರು ಆ ಕಾರ್ಖಾನೆಗಳಲ್ಲೇ ದುಡಿಯುತ್ತಾರೆ. ಹಾಗಾಗಿ ಆ ಸಾಲುಗಳಿಗೆ ನಾವು ಒಂದು ಪೂರ್ತಿ ಹಾಳೆ ಕೊಟ್ಟಿದ್ದೇವೆ. ಮಕ್ಕಳು ಮನೆ ಹತ್ತಿರದ ಕಲ್ಲಿನ ಚೂರು ತರುತ್ತಾರೆ. ಅದರ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಬುರುಗು ಬರುತ್ತದೆ. ಆ ಅನಿಲವನ್ನು ಸುಣ್ಣದ ತಿಳಿನೀರಿಗೆ ಬಿಟ್ಟರೆ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಕಾರ್ಖಾನೆಯಲ್ಲಿ ಕೆಲಸ ಮಾಡುವವರನ್ನು ಏನೇನು ಕೇಳಿಕೊಂಡು ಬರಬೇಕು ಅನ್ನುವ ಪ್ರಶ್ನೆಗಳೂ ಅದರಲ್ಲೇ ಇವೆ.

ಸಾರಜನಕದ ಪಾಠಕ್ಕೆ ತೊಗರಿ ಹಾಳೆ ಮಾಡಿದ್ದೇವೆ. ಎಳೆ ತೊಗರಿ ಗಿಡವನ್ನು ಮಣ್ಣಿನ ಸಮೇತ ಅಗೆದು, ನಿಧಾನಕ್ಕೆ ತೊಳೆದು, ಬೇರಿನ ಗಂಟು ನೋಡುವುದು. ಗಂಟನ್ನು ಉಗುರಿನಿಂದ ಒಡೆದಾಗ ಒಳಗೆ ತೆಳು ಗುಲಾಬಿ ಬಣ್ಣ ಕಂಡರೆ ಸಾರಜನಕ ಹಿಡಿದಿಡುವ ರೈಜೋಬಿಯಂ ಬ್ಯಾಕ್ಟೀರಿಯ ಕೆಲಸ ಮಾಡುತ್ತಿದೆ ಎಂದರ್ಥ. ತೊಗರಿ ಹೊಲದಲ್ಲೇ ಬೆಳೆದ ಮಕ್ಕಳಿಗೆ ಈ ಹಾಳೆ ಭಾಳ ಇಷ್ಟ.

ಈಗ ತೊಂದರೆ ಏನೆಂದರೆ, ಹೋದ ವರ್ಷ ನಮ್ಮ ಹಾಳೆಗಳು ವಾಟ್ಸಾಪ್‌ನಲ್ಲಿ ಸುತ್ತಿ ಸುತ್ತಿ ಕೊನೆಗೆ ಒಂದು ಗೈಡ್ ಪುಸ್ತಕದಲ್ಲಿ ಅಚ್ಚಾದವು. ಪ್ರಶ್ನೆಗಳು ನಮ್ಮವೇ, ಚಿತ್ರವೂ ನಮ್ಮದೇ. ಹೆಸರು ಮಾತ್ರ ಇಲ್ಲ. ಇದನ್ನು ನೋಡಿ ನಮ್ಮ ಗುಂಪಿನ ಅರ್ಧ ಜನ ಬೇಸರಗೊಂಡಿದ್ದಾರೆ. ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕೋಣ, ಪ್ರತಿ ಪುಟಕ್ಕೂ ವಾಟರ್‌ಮಾರ್ಕ್ ಒತ್ತೋಣ, ಗುಂಪಿನ ಹೊರಗೆ ಕಳಿಸುವುದೇ ಬೇಡ ಅನ್ನುತ್ತಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ರಾತ್ರಿ ಕೂತು ಮಾಡಿದ ಕೆಲಸ ಅದು.

ಆದರೂ ಬೀಗ ಹಾಕುವುದು ಬೇಡ ಎಂದೇ ನನ್ನ ಮನಸ್ಸು ಹೇಳುತ್ತದೆ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಯಾದಗಿರಿ ರಾಜ್ಯದಲ್ಲೇ ಕೊನೆ. 2025ರಲ್ಲಿ ನಮ್ಮ ಕಲಬುರಗಿ ಕೊನೆ, ಶೇ 42.43. ಪ್ರತಿ ಸಲ ಫಲಿತಾಂಶ ಬಂದಾಗ ಪೇಪರಿನವರು ನಮ್ಮ ಜಿಲ್ಲೆಗಳ ಹೆಸರನ್ನು ಕೆಳಗಿನಿಂದ ಓದುತ್ತಾರೆ. ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ ಬರುವ ಅತಿಥಿ ಶಿಕ್ಷಕರ ಕೈಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಏನೂ ಇರುವುದಿಲ್ಲ. ದೀಪಾವಳಿ ಆದಮೇಲೆ ಅಪ್ಪ ಅಮ್ಮನ ಜೊತೆ ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುವ ಮಕ್ಕಳಿಗೆ ಕಳಿಸಲೂ ಏನಾದರೂ ಬೇಕು. ನಮ್ಮ ಹತ್ತಿರ ಇರುವುದನ್ನು ನಾವೇ ಮುಚ್ಚಿಟ್ಟರೆ ಹೇಗೆ?

ನಮ್ಮ ಕೆಲಸವನ್ನು ಬೇರೆಯವರು ಹೇಗೆ ಬಳಸಬಹುದು ಎಂದು ಮೊದಲೇ ಹೇಳಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಿದರೆ ಸರಿ ಎಂದು ಕೇಳಿದ್ದೇನೆ. ಅದರಲ್ಲಿ ಯಾವುದು? ಮಾರುವಂತಿಲ್ಲ ಎಂದು ಬರೆಯುವ ಬಗೆಯನ್ನೇ ಹಾಕಬೇಕು ಅಂತ ನಮ್ಮಲ್ಲಿ ಜಾಸ್ತಿ ಜನ ಹೇಳುತ್ತಾರೆ. ಇನ್ನೊಂದು, ನಾವು ಸರಕಾರಿ ನೌಕರರು. ಈ ಹಾಳೆಗಳು ನಮ್ಮವೋ, ಇಲಾಖೆಯವೋ? ಕೆಲವು ಹಾಳೆಗಳಲ್ಲಿ ಪಠ್ಯಪುಸ್ತಕದ ಚಿತ್ರ, ಗೂಗಲ್‌ನಲ್ಲಿ ಸಿಕ್ಕ ಚಿತ್ರ ಇವೆ. ಅವನ್ನು ಏನು ಮಾಡಬೇಕು? ಎಲ್ಲಾ ಫೈಲು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿವೆ, ಫೋನಿನಲ್ಲಿ ತೆರೆದರೆ ಗಜಿಬಿಜಿ ಕಾಣುತ್ತದೆ. ಇದನ್ನೆಲ್ಲಾ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ: ಗಣಿತ ಮೇಷ್ಟ್ರು, ಔರಾದ್

ಮೇಡಂ, ಮೊದಲು ಒಂದು ಮಾತು. ಬೀಗ ಹಾಕಬೇಡಿ. ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿ.

ಈ ದಾರಿಯಲ್ಲಿ ನೀವು ಮೊದಲಿಗರೇನಲ್ಲ. ನಮ್ಮ ರಾಜ್ಯದಲ್ಲಿ 2011ರಿಂದ ವಿಷಯ ಶಿಕ್ಷಕರ ವೇದಿಕೆ ನಡೆಯಿತು, ಹೈಸ್ಕೂಲ್ ಶಿಕ್ಷಕರು ಮೇಲ್ ಗುಂಪಿನಲ್ಲಿ ಪ್ರಶ್ನೆ, ಪಾಠ, ಚಿತ್ರ ಹಂಚಿಕೊಳ್ಳುತ್ತಿದ್ದರು. ಅದರ ಮುಂದುವರಿಕೆಯಾಗಿ 2013ರಲ್ಲಿ ಇಲಾಖೆಯ ಸಂಶೋಧನೆ, ತರಬೇತಿ ವಿಭಾಗವಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಜಾಲತಾಣ ಮಾಡಿದವು. ನಾವೆಲ್ಲಾ ಕೊಯರ್ ಅನ್ನುವುದು ಅದನ್ನೇ. ವಿಕಿಪೀಡಿಯ ನಡೆಯುವ ತಂತ್ರಾಂಶದಲ್ಲೇ ಅದೂ ನಡೆಯುತ್ತದೆ. ಅದೇ 2013ರ ಆಗಸ್ಟ್‌ನಲ್ಲಿ ಎನ್‌ಸಿಇಆರ್‌ಟಿ ಕಡೆಯಿಂದ ಎನ್‌ಆರ್‌ಒಇಆರ್ ಎಂಬ ಇಂಥದೇ ರಾಷ್ಟ್ರಮಟ್ಟದ ಜಾಲತಾಣ ಬಂತು. ಅಂದರೆ ಇಲಾಖೆಯೇ ಒಪ್ಪಿದ ದಾರಿ ಇದು. ನಿಮ್ಮ ಗುಂಪಿನಲ್ಲಿ ಹಿಂಜರಿಯುವವರಿಗೆ ಇದನ್ನು ಹೇಳಿ.

ಪರವಾನಗಿ ವಿಚಾರ. ಕ್ರಿಯೇಟಿವ್ ಕಾಮನ್ಸ್‌ನವರು ಮೊದಲ ಪರವಾನಗಿಗಳನ್ನು ಕೊಟ್ಟಿದ್ದು 2002ರ ಡಿಸೆಂಬರ್‌ನಲ್ಲಿ. ಈಗ ಬಳಕೆಯಲ್ಲಿರುವ 4.0 ಬಂದಿದ್ದು 2013ರಲ್ಲಿ. ಅದರಲ್ಲಿ ಬೈ ಅಂದರೆ ಮಾಡಿದವರ ಹೆಸರು ಹಾಕಲೇಬೇಕು. ಎಸ್‌ಎ ಅಂದರೆ ತಿದ್ದಿ ಹಂಚುವವರು ಅದೇ ಪರವಾನಗಿಯಲ್ಲೇ ಹಂಚಬೇಕು. ಎನ್‌ಸಿ ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ ಅಂದರೆ ತಿದ್ದಿದ್ದನ್ನು ಹಂಚುವಂತಿಲ್ಲ. ನನ್ನ ಸಲಹೆ ಬೈ-ಎಸ್‌ಎ 4.0.

ಎನ್‌ಸಿ ಯಾಕೆ ಬೇಡ ಅಂತ ಹೇಳುತ್ತೇನೆ, ಯಾಕೆಂದರೆ ಜಗಳ ಆಗುವುದು ಅಲ್ಲೇ. ಗೈಡ್ ಮಾಡಿದವರು ಕೇಳದೆ, ಹೆಸರು ತೆಗೆದು ಅಚ್ಚು ಮಾಡಿದರು. ಅದು ಯಾವ ಪರವಾನಗಿಯಲ್ಲೂ ತಪ್ಪೇ, ಪರವಾನಗಿ ಇಲ್ಲದಿದ್ದರೂ ತಪ್ಪೇ. ಅಂಥವರು ಎನ್‌ಸಿ ಎಂಬ ಎರಡಕ್ಷರ ನೋಡಿ ನಿಲ್ಲುವುದಿಲ್ಲ. ನಿಲ್ಲುವವರು ಯಾರು ಗೊತ್ತಾ? ನಿಯಮ ಪಾಲಿಸುವ ಒಳ್ಳೆಯವರು. ಹಳ್ಳಿಯಲ್ಲಿ ಕಡಿಮೆ ಫೀಸಿಗೆ ಟ್ಯೂಷನ್ ಹೇಳುವ ಹುಡುಗಿ, ಹಾಳೆ ಪ್ರಿಂಟ್ ಹಾಕಿ ಖರ್ಚಿನಷ್ಟು ದುಡ್ಡು ತೆಗೆದುಕೊಳ್ಳುವ ಸಂಘ, ಇವರೆಲ್ಲಾ ನಮಗೆ ಬಳಸಲು ಬರುತ್ತದೋ ಇಲ್ಲವೋ ಎಂದು ಗೊಂದಲಕ್ಕೆ ಬೀಳುತ್ತಾರೆ. ಅಮೆರಿಕದಲ್ಲಿ ಇದೇ ಪ್ರಶ್ನೆ ಕೋರ್ಟಿಗೂ ಹೋಗಿತ್ತು. ಗ್ರೇಟ್ ಮೈಂಡ್ಸ್ ಎಂಬ ಸಂಸ್ಥೆಯ ಗಣಿತದ ಪಾಠಗಳಿಗೆ ಎನ್‌ಸಿ ಪರವಾನಗಿ ಇತ್ತು. ಶಾಲೆಗಳಿಗಾಗಿ ಅವನ್ನು ಜೆರಾಕ್ಸ್ ಮಾಡಿಕೊಟ್ಟ ಫೆಡೆಕ್ಸ್ ಆಫೀಸ್ ಎಂಬ ಅಂಗಡಿಯ ಮೇಲೆ ಅವರು ಕೇಸು ಹಾಕಿದರು. 2018ರಲ್ಲಿ ಮೇಲ್ಮನವಿ ಕೋರ್ಟು ಅಂಗಡಿಯ ಪರವಾಗಿಯೇ ತೀರ್ಪು ಕೊಟ್ಟಿತು, ಶಾಲೆಗೆ ಹಕ್ಕಿದ್ದರೆ ಶಾಲೆಯ ಪರವಾಗಿ ಕಾಪಿ ಮಾಡುವ ಅಂಗಡಿಯದೂ ತಪ್ಪಲ್ಲ ಎಂದಿತು. ತೀರ್ಪು ಸರಿಯಾಗಿಯೇ ಬಂತು, ಆದರೆ ಒಂದು ಜೆರಾಕ್ಸಿಗೆ ಕೋರ್ಟು ಬೇಕಾಯಿತಲ್ಲ.

ಬೈ-ಎಸ್‌ಎ ಇದ್ದರೆ ಗೈಡಿನವರು ಮಾರಬಹುದು, ನಿಜ. ಆದರೆ ನಿಮ್ಮ ಹೆಸರು ಹಾಕಬೇಕು, ನಿಮ್ಮ ಹಾಳೆಯನ್ನು ತಿದ್ದಿ ಮಾಡಿದ ಭಾಗವನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ಆಗ ಆ ಭಾಗವನ್ನು ಯಾರು ಬೇಕಾದರೂ ಪುಕ್ಕಟೆ ಕಾಪಿ ಮಾಡಬಹುದು. ಷರತ್ತು ಮುರಿದರೆ ಅವರ ಹಕ್ಕು ಅಲ್ಲಿಗೇ ಮುಗಿಯುತ್ತದೆ. ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಹಕ್ಕು ತಾನಾಗಿ ಮರಳುತ್ತದೆ ಎಂದು 4.0ರಲ್ಲೇ ಬರೆದಿದೆ. ಹಾಗಾಗಿ ಮೊದಲು ಒಂದು ಪತ್ರ ಬರೆದು, ಮುಂದಿನ ಮುದ್ರಣದಲ್ಲಿ ಹೆಸರು ಮತ್ತು ಪರವಾನಗಿ ಹಾಕಿ ಎಂದು ಕೇಳಲು ನಿಮಗೆ ಗಟ್ಟಿ ಆಧಾರ ಸಿಗುತ್ತದೆ. ಒಂದು ಎಚ್ಚರಿಕೆ: ಒಮ್ಮೆ ಕೊಟ್ಟ ಪರವಾನಗಿಯನ್ನು ವಾಪಸ್ ಪಡೆಯಲು ಬರುವುದಿಲ್ಲ. ಗುಂಪಿನ ಎಲ್ಲರೂ ಒಪ್ಪಿದ ಮೇಲೆಯೇ ಹಾಕಿ. ಒಬ್ಬರು ಒಪ್ಪದಿದ್ದರೆ ಅವರ ಹಾಳೆ ಪಕ್ಕಕ್ಕಿಡಿ, ಒತ್ತಾಯ ಬೇಡ.

ಎನ್‌ಡಿ ಬಗ್ಗೆ ನನಗೆ ಇನ್ನೂ ಗಟ್ಟಿ ಅಭಿಪ್ರಾಯ ಇದೆ. ನಮ್ಮ ಬೀದರ್ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳಿವೆ. ನಿಮ್ಮ ಸುಣ್ಣದ ಕಲ್ಲಿನ ಹಾಳೆಯನ್ನು ನಮ್ಮ ಕಡೆಯವರು ಮರಾಠಿಗೆ ಮಾಡಿಕೊಳ್ಳಬೇಕು. ಅಷ್ಟೇ ಅಲ್ಲ, ಬೀದರ್ ಸುತ್ತಮುತ್ತ ಕೆಂಪು ಜಂಬಿಟ್ಟಿಗೆ ಕಲ್ಲು. ಅದಕ್ಕೆ ಆಮ್ಲ ಹಾಕಿದರೆ ಬುರುಗು ಬರುವುದಿಲ್ಲ. ಯಾಕೆ ಬರಲಿಲ್ಲ ಅನ್ನುವುದೇ ನಮ್ಮ ಮಕ್ಕಳಿಗೆ ಒಳ್ಳೆಯ ಪ್ರಶ್ನೆ. ಹಾಳೆ ತಿದ್ದಲು ಬಿಟ್ಟರೆ ತಾನೇ ಆ ಪ್ರಶ್ನೆ ಸೇರಿಸಲು ಆಗುವುದು? ತಿದ್ದಲು ಬರದ ಹಾಳೆ ನಮಗೆ ಅರ್ಧ ಉಪಯೋಗ ಅಷ್ಟೇ. ಪರವಾನಗಿ ಎಷ್ಟು ಮುಖ್ಯವೋ, ತಿದ್ದಲು ಬರುವ ಮೂಲ ಫೈಲು ಕೊಡುವುದು ಅದಕ್ಕಿಂತ ಒಂದು ಕೈ ಜಾಸ್ತಿಯೇ ಮುಖ್ಯ.

ಇನ್ನು ನಿಮ್ಮವೋ ಇಲಾಖೆಯವೋ ಅನ್ನುವುದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನೌಕರಿಯ ಭಾಗವಾಗಿ ಮಾಡಿದ ಕೃತಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದ್ದು. ಸರಕಾರಿ ಕೃತಿಯಾದರೆ ಸರಕಾರದ್ದು. ಡಯಟ್‌ನಲ್ಲಿ, ಅಂದರೆ ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ, ಕೂರಿಸಿ ಮಾಡಿಸಿದ ಪ್ರಶ್ನೆ ಕೋಠಿಗೆ ನೀವು ಪರವಾನಗಿ ಹಾಕಲು ಹೋಗಬೇಡಿ. ಮನೆಯಲ್ಲಿ ನೀವಾಗಿ ಮಾಡಿದ ಹಾಳೆಗೂ ಒಂದು ಪತ್ರ ಇದ್ದರೆ ನೆಮ್ಮದಿ. ಡಯಟ್ ಪ್ರಾಚಾರ್ಯರಿಗೆ ಬಿಇಒ ಮೂಲಕ ಬರೆಯಿರಿ: ಇಂಥ ಹಾಳೆಗಳನ್ನು ಬೈ-ಎಸ್‌ಎಯಲ್ಲಿ ಹಂಚುತ್ತಿದ್ದೇವೆ, ಒಪ್ಪಿಗೆ ಕೊಡಿ ಎಂದು. ಉತ್ತರ ಬರಹದಲ್ಲೇ ಪಡೆಯಿರಿ. ಬಾಯಿಮಾತು ವರ್ಗಾವಣೆ ಆದರೆ ಹೋಯಿತು.

ಉತ್ತರ: ಅತಿಥಿ ಶಿಕ್ಷಕಿ, ಗುರುಮಠಕಲ್

ನಮಸ್ತೆ ಅಕ್ಕಾ. ನೀವು ಹೇಳಿದ ಆ ಬರಿಗೈಯ ಅತಿಥಿ ಶಿಕ್ಷಕಿ ನಾನೇ ಅಂದುಕೊಳ್ಳಿ. ಆರರಿಂದ ಎಂಟನೇ ತರಗತಿಗೆ ವಿಜ್ಞಾನ, ಗಣಿತ ಎರಡೂ ನನಗೇ.

ನನ್ನ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಎಲ್ಲಾ ಕೆಲಸ ಫೋನಿನಲ್ಲೇ. ವಾಟ್ಸಾಪ್‌ನಲ್ಲಿ ದಿನಾ ಹತ್ತಾರು ಪಿಡಿಎಫ್ ಬರುತ್ತವೆ. ಯಾರು ಮಾಡಿದ್ದು, ಯಾವ ವರ್ಷದ್ದು, ಹೊಸ ಪುಸ್ತಕಕ್ಕೆ ಹೊಂದುತ್ತದೋ ಇಲ್ಲವೋ, ಏನೂ ಗೊತ್ತಾಗುವುದಿಲ್ಲ. ಒಂದೇ ಹಾಳೆ ಮೂರು ಹೆಸರಿನಲ್ಲಿ ಬರುತ್ತದೆ. ಕೆಲವಕ್ಕೆ ಎಷ್ಟು ದಪ್ಪ ವಾಟರ್‌ಮಾರ್ಕ್ ಅಂದರೆ ಜೆರಾಕ್ಸ್ ತೆಗೆದಾಗ ಪ್ರಶ್ನೆಯೇ ಕಾಣುವುದಿಲ್ಲ. ಮಕ್ಕಳು ಹಾಳೆಯನ್ನು ಬೆಳಕಿಗೆ ಹಿಡಿದು ಓದುತ್ತಾರೆ. ದಯವಿಟ್ಟು ವಾಟರ್‌ಮಾರ್ಕ್ ಹಾಕಬೇಡಿ.

ನಮ್ಮದು ತೆಲಂಗಾಣ ಗಡಿ. ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ತಾಂಡಾದ ಮಕ್ಕಳು ಲಂಬಾಣಿ ಆಡುತ್ತಾರೆ. ಪುಸ್ತಕದ ವಾಕ್ಯ ಉದ್ದ ಇದ್ದರೆ ಅವರು ಅಲ್ಲೇ ನಿಲ್ಲುತ್ತಾರೆ. ನಾನು ಒಂದು ಉದ್ದ ವಾಕ್ಯವನ್ನು ಮೂರು ಚಿಕ್ಕ ವಾಕ್ಯ ಮಾಡಬೇಕು. ಪಿಡಿಎಫ್‌ನಲ್ಲಿ ಅದು ಹೇಗೆ ಸಾಧ್ಯ? ಹಾಳೆ ಪೂರ್ತಿ ಕೈಯಲ್ಲಿ ಬರೆದುಕೊಳ್ಳುತ್ತೇನೆ. ಔರಾದ್ ಸರ್ ಹೇಳಿದ ಮೂಲ ಫೈಲಿನ ಮಾತು ನನಗಂತೂ ನೂರಕ್ಕೆ ನೂರು ನಿಜ.

ಓದುವುದಕ್ಕೆ ನಾನು ಸ್ಟೋರಿವೀವರ್ ಎಂಬ ಮಕ್ಕಳ ಕತೆಗಳ ಜಾಲತಾಣ ಬಳಸುತ್ತೇನೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಅಲ್ಲಿನ ಕತೆಗಳನ್ನು ಯಾರು ಬೇಕಾದರೂ ಅನುವಾದ ಮಾಡಬಹುದು, ಕತೆಯ ಮಟ್ಟವನ್ನೂ ಬದಲಾಯಿಸಬಹುದು. ಮೇಲಿನ ಮಟ್ಟದ ಕತೆಯನ್ನು ನನ್ನ ಮಕ್ಕಳು ಓದುವಷ್ಟು ಸುಲಭ ಮಾಡಿಕೊಂಡು, ಮೊದಲು ಬರೆದವರ ಹೆಸರು ಹಾಗೇ ಇಟ್ಟು ಓದಿಸಿದ್ದೇನೆ. ನನ್ನಂಥವಳಿಗೆ ಯಾರನ್ನೂ ಕೇಳದೆ ಅಷ್ಟು ಮಾಡಲು ಬಿಟ್ಟರಲ್ಲ, ಅದು ದೊಡ್ಡದು. ನಿಮ್ಮ ಹಾಳೆಗಳೂ ಹಾಗೇ ಬರಲಿ ಅಕ್ಕಾ. ಪ್ರತಿ ಹಾಳೆಯ ಕೆಳಗೆ ಯಾವ ತರಗತಿ, ಯಾವ ಪಾಠ, ಯಾವ ವರ್ಷ ತಿದ್ದಿದ್ದು ಅಂತ ಒಂದು ಸಾಲು ಹಾಕಿ ಸಾಕು. ಫೈಲಿನ ಹೆಸರಿನಲ್ಲೂ ಅದೇ ಇರಲಿ. "ನ್ಯೂ ಫೈನಲ್ 2" ಅಂತ ಇದ್ದರೆ ಹುಡುಕಲು ಆಗುವುದಿಲ್ಲ.

ಮರುಮಾತು: ವಿಜ್ಞಾನ ಟೀಚರ್, ಚಿತ್ತಾಪುರ

ತಂಗಿ, ನೀನು ಬರೆದಿದ್ದನ್ನು ನಮ್ಮ ಗುಂಪಿಗೆ ಹಾಗೇ ಕಳಿಸಿದೆ. ವಾಟರ್‌ಮಾರ್ಕ್ ಬೇಕೇ ಬೇಕು ಅನ್ನುತ್ತಿದ್ದ ಸರ್ ಒಬ್ಬರು, ಮಕ್ಕಳು ಬೆಳಕಿಗೆ ಹಿಡಿದು ಓದುವ ಮಾತು ಓದಿ, ಬೇಡ ಬಿಡಿ ಎಂದರು.

ಔರಾದ್ ಸರ್, ಜಂಬಿಟ್ಟಿಗೆ ಕಲ್ಲಿನ ಪ್ರಶ್ನೆ ಭಾಳ ಚೆನ್ನಾಗಿದೆ. ನಮ್ಮ ಹಾಳೆಗೂ ಅದನ್ನು ಸೇರಿಸಬಹುದಾ? ಇನ್ನೊಂದು ಕೇಳಬೇಕು. ಗಣಿತದ ಎರಡು ಹಾಳೆಗೆ ಖಾನ್ ಅಕಾಡೆಮಿ ಎಂಬ ಕಲಿಕೆಯ ಜಾಲತಾಣದ ಲೆಕ್ಕಗಳನ್ನು ತೆಗೆದುಕೊಂಡಿದ್ದಾರೆ. ನಡೆಯುತ್ತದಾ?

ಉತ್ತರ: ಗಣಿತ ಮೇಷ್ಟ್ರು, ಔರಾದ್

ಖಂಡಿತ ಸೇರಿಸಿ, ಬೈ-ಎಸ್‌ಎ ಎಂದೇ ತಿಳಿದುಕೊಳ್ಳಿ. ಹೆಸರಿಗೆ "ಔರಾದ್ ಗಣಿತ ಶಿಕ್ಷಕರು" ಅಂತ ಇದ್ದರೆ ಸಾಕು.

ಖಾನ್ ಅಕಾಡೆಮಿಯದು ಎನ್‌ಸಿ-ಎಸ್‌ಎ. ಎನ್‌ಸಿ-ಎಸ್‌ಎಯನ್ನೂ ಬೈ-ಎಸ್‌ಎಯನ್ನೂ ಕಲಸಿ ಒಂದೇ ಹಾಳೆ ಮಾಡಲು ಬರುವುದಿಲ್ಲ. ಎರಡೂ ತನ್ನ ಪರವಾನಗಿಯೇ ಬೇಕು ಅನ್ನುತ್ತವೆ. ಆ ಲೆಕ್ಕಗಳನ್ನು ತೆಗೆದು ನಮ್ಮ ಲೆಕ್ಕ ಹಾಕೋಣ. ಒಂದು ಎಕರೆ ತೊಗರಿ, ಇಷ್ಟು ಕ್ವಿಂಟಲ್, ಇಂಥ ದರ, ಖರ್ಚು ಕಳೆದು ಏನು ಉಳಿಯಿತು ಅಂತ ಎರಡು ಚರಾಕ್ಷರದ ರೇಖಾತ್ಮಕ ಸಮೀಕರಣ ಎಷ್ಟು ಬೇಕಾದರೂ ಕಟ್ಟಬಹುದು. ನಾನು ಬರೆದು ಕಳಿಸುತ್ತೇನೆ.

ಉತ್ತರ: ಸಮಾಜ ವಿಜ್ಞಾನ ಶಿಕ್ಷಕ, ಸುರಪುರ

ಚಿತ್ರದ ಬಗ್ಗೆ ನಾನು ಹೇಳುತ್ತೇನೆ ಮೇಡಂ, ನಮ್ಮ ವಿಷಯದಲ್ಲಿ ಚಿತ್ರ, ನಕ್ಷೆ ಇಲ್ಲದೆ ಪಾಠವೇ ಇಲ್ಲ.

ಪಾಠ ಮಾಡುವಾಗ ಪಠ್ಯಪುಸ್ತಕದ ಚಿತ್ರ ಕಾಪಿ ಮಾಡಿ ಮಕ್ಕಳಿಗೆ ಕೊಡುವುದಕ್ಕೆ ಕಾನೂನಿನಲ್ಲೇ ಜಾಗ ಇದೆ. ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಕಲಿಕೆಯ ಸಂದರ್ಭದಲ್ಲಿ ಆ ವಿನಾಯಿತಿ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಪ್ರಕರಣದಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್ ಇದೇ ಸೆಕ್ಷನ್ ಹಿಡಿದು ವಿದ್ಯಾರ್ಥಿಗಳ ಕಡೆ ನಿಂತಿತು. ಆದರೆ ತರಗತಿಗೆ ಸಿಕ್ಕ ವಿನಾಯಿತಿ ಬೇರೆ, ಅದೇ ಚಿತ್ರವನ್ನು ನಮ್ಮ ಹಾಳೆಯಲ್ಲಿಟ್ಟು "ಯಾರು ಬೇಕಾದರೂ ಬಳಸಿ" ಎಂದು ಲೋಕಕ್ಕೆಲ್ಲಾ ಬಿಡುವುದು ಬೇರೆ. ನಮ್ಮದಲ್ಲದ್ದನ್ನು ಬಿಟ್ಟುಕೊಡಲು ನಮಗೆ ಹಕ್ಕಿಲ್ಲ. ಗೂಗಲ್‌ನಲ್ಲಿ ಸಿಕ್ಕಿತು ಅಂದರೆ ಪುಕ್ಕಟೆ ಎಂದಲ್ಲ.

ಹಾಗಾದರೆ ಚಿತ್ರ ಎಲ್ಲಿಂದ? ಒಂದು, ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಗಳ ಜಾಲತಾಣ. ಚಿತ್ರದ ಕೆಳಗೇ ತೆಗೆದವರ ಹೆಸರು, ಪರವಾನಗಿ ಇರುತ್ತದೆ, ಅದನ್ನು ಹಾಳೆಗೆ ಇಳಿಸಿಕೊಂಡರೆ ಆಯಿತು. ಇನ್ನೊಂದು, ನನಗೆ ಜಾಸ್ತಿ ಇಷ್ಟವಾದದ್ದು, ನಾವೇ ತೆಗೆಯುವುದು. ನೋಡಿ, ಸನ್ನತಿ ಇರುವುದು ನಿಮ್ಮ ತಾಲ್ಲೂಕಿನಲ್ಲೇ. ಅಲ್ಲಿ ಅಶೋಕನ ಶಾಸನ ಸಿಕ್ಕಿದೆ. ಪಕ್ಕದ ಕನಗನಹಳ್ಳಿಯ ಸ್ತೂಪದ ಶಿಲ್ಪವೊಂದರಲ್ಲಿ "ರಾಯ ಅಸೋಕೋ" ಎಂದು ಬ್ರಾಹ್ಮಿಯಲ್ಲಿ ಕೆತ್ತಿದ್ದಾರೆ, ಅಶೋಕನ ಹೆಸರು ಬರೆದ ಅಶೋಕನದೇ ಶಿಲ್ಪ. ಇಷ್ಟು ದೊಡ್ಡ ಸಂಗತಿ ಭೀಮಾ ದಂಡೆಯ ಮೇಲಿದೆ. ಆದರೂ ನಮ್ಮ ಮಕ್ಕಳು ಅಶೋಕ ಅಂದರೆ ಸಾರನಾಥ, ಸಾಂಚಿ ಎಂದಷ್ಟೇ ಬರೆಯುತ್ತಾರೆ. ಬೀದರಿನ ಮಹಮೂದ್ ಗವಾನ್ ಮದರಸಾ, ನೌಬಾದ್‌ನ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗ, ಮಳಖೇಡದ ಕೋಟೆ, ನಮ್ಮ ನಾರಾಯಣಪುರದ ಬಸವಸಾಗರ. ಇವುಗಳ ಒಳ್ಳೆಯ ಫೋಟೋ ತೆಗೆದು, ಕನ್ನಡದಲ್ಲಿ ಎರಡು ಸಾಲು ವಿವರ ಬರೆದು ಕಾಮನ್ಸ್‌ಗೆ ಏರಿಸಿದರೆ ಚಿಕ್ಕಮಗಳೂರಿನ ಶಿಕ್ಷಕರಿಗೂ ಸಿಗುತ್ತದೆ, ನಮ್ಮ ಹಾಳೆಗೂ ಸಿಗುತ್ತದೆ.

ಎರಡು ಕಡೆ ಜಾಗ್ರತೆ ಬೇಕು. ಮಕ್ಕಳ ಮುಖ ಕಾಣುವ ಫೋಟೋ ಹಾಕಬೇಡಿ. ತೊಗರಿ ಬೇರು ಹಿಡಿದ ಕೈ ಕಂಡರೆ ಸಾಕು. ಮಕ್ಕಳು ಬರೆದ ಚಿತ್ರದ ಹಕ್ಕು ಮಕ್ಕಳದ್ದೇ, ಅದನ್ನು ಬಳಸುವುದಾದರೆ ಮಗುವನ್ನೂ ಮನೆಯವರನ್ನೂ ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಇನ್ನು ಭಾರತದ ನಕ್ಷೆ. ಜಾಲತಾಣದಲ್ಲಿ ಸಿಗುವ ಎಷ್ಟೋ ನಕ್ಷೆಗಳ ಗಡಿ ನಮ್ಮ ಸರ್ವೇ ಆಫ್ ಇಂಡಿಯಾದ ಗಡಿಗೆ ಹೊಂದುವುದಿಲ್ಲ. ಜಮ್ಮು ಕಾಶ್ಮೀರ, ಲಡಾಖ್, ಅರುಣಾಚಲದ ಕಡೆ ನೋಡಿಯೇ ಬಳಸಿ.

ಉತ್ತರ: ಡಿಟಿಪಿ ಕೆಲಸದವ, ಹುಮನಾಬಾದ್

ನಾನು ಶಿಕ್ಷಕ ಅಲ್ಲ. ಇಲ್ಲಿನ ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುವುದು ನನ್ನ ಕೆಲಸ. ನುಡಿ ವಿಚಾರ ಬಂತು ಅಂತ ಬರೆಯುತ್ತಿದ್ದೇನೆ.

ನುಡಿಯ ಹಳೆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತಿರುತ್ತದೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಫೋನಿನಲ್ಲಿ ಆ ಫಾಂಟ್ ಇಲ್ಲ, ಅದಕ್ಕೇ ಗಜಿಬಿಜಿ. ಹುಡುಕಿದರೂ ಸಿಗುವುದಿಲ್ಲ. ಎಲ್ಲಾ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಾಯಿಸಲೇಬೇಕು. ಬದಲಾಯಿಸುವ ಪರಿವರ್ತಕಗಳು ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಆದರೆ ವಿಜ್ಞಾನದ ಫೈಲನ್ನು ಇಡಿಯಾಗಿ ಪರಿವರ್ತಕಕ್ಕೆ ಹಾಕಬೇಡಿ. ನೀರಿನ ಸೂತ್ರ, ಆಮ್ಲದ ಸೂತ್ರ, ಲೆಕ್ಕದ ಎಕ್ಸ್, ವೈ ಎಲ್ಲಾ ನಿಜವಾದ ಇಂಗ್ಲಿಷ್ ಅಕ್ಷರಗಳು. ಪರಿವರ್ತಕಕ್ಕೆ ಅದು ಗೊತ್ತಿಲ್ಲ, ಅವನ್ನೂ ಕನ್ನಡ ಮಾಡಿ ಕೆಡಿಸುತ್ತದೆ. ವರ್ಡ್‌ನಲ್ಲಿ ಹುಡುಕುವ ಕಿಟಕಿ ತೆರೆದು, ಅಕ್ಷರದ ಬದಲು ಫಾಂಟ್ ಹೆಸರಿನಿಂದ ಹುಡುಕಲು ಬರುತ್ತದೆ. ನುಡಿ ಫಾಂಟಿನಲ್ಲಿ ಇರುವ ಭಾಗಗಳನ್ನು ಮಾತ್ರ ಆರಿಸಿ ಬದಲಾಯಿಸಿ, ಸೂತ್ರಗಳನ್ನು ಮುಟ್ಟಬೇಡಿ. ಆದಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಕಾರ್ಬನ್, ವರ್ಗಮೂಲ, ಅರ್ಧ, ಇಂಥ ಪದಗಳಲ್ಲೇ ತಪ್ಪು ಜಾಸ್ತಿ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು ರ ಬರಬೇಕು. ಸರಿಯಿಲ್ಲದ ಪರಿವರ್ತಕ ಅಲ್ಲಿ ಎಡವುತ್ತದೆ.

ಫಾಂಟ್ ನೋಟೊ ಸಾನ್ಸ್ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ ಇಡಿ. ಪುಕ್ಕಟೆ, ಮುಕ್ತ ಪರವಾನಗಿಯವು. ವರ್ಡ್ ಥರದ ತಂತ್ರಾಂಶ ಲಿಬ್ರೆಆಫೀಸ್ ಕೂಡ ಪುಕ್ಕಟೆ. ಫೈಲನ್ನು ಅದರದೇ ಬಗೆಯಾದ ಓಡಿಟಿಯಾಗಿ ಉಳಿಸಿ, ಅದರಿಂದಲೇ ಪಿಡಿಎಫ್ ತೆಗೆಯಿರಿ. ಎರಡನ್ನೂ ಕೊಡಿ: ಪ್ರಿಂಟಿಗೆ ಪಿಡಿಎಫ್, ತಿದ್ದಲು ಓಡಿಟಿ. ವಿಕಿಮೀಡಿಯ ಕಾಮನ್ಸ್ ಓಡಿಟಿ ತೆಗೆದುಕೊಳ್ಳುವುದಿಲ್ಲ, ಚಿತ್ರ ಮತ್ತು ಪಿಡಿಎಫ್ ತೆಗೆದುಕೊಳ್ಳುತ್ತದೆ. ಇಂಟರ್ನೆಟ್ ಆರ್ಕೈವ್ ಎಂಬ ಪುಕ್ಕಟೆ ಜಾಲತಾಣದಲ್ಲಿ ಎರಡೂ ಇಡಬಹುದು, ಏರಿಸುವಾಗಲೇ ಪರವಾನಗಿ ಆರಿಸುವ ಜಾಗವಿದೆ. ಒಬ್ಬರ ಗೂಗಲ್ ಡ್ರೈವ್‌ನಲ್ಲಿ ಮಾತ್ರ ಇಟ್ಟರೆ ಅವರು ನಿವೃತ್ತರಾದಾಗ, ಫೋನ್ ಕಳೆದಾಗ ಎಲ್ಲಾ ಹೋಗುತ್ತದೆ.

ಪರವಾನಗಿಯ ಸಾಲು ಪ್ರತಿ ಪುಟದ ಕೆಳಗೇ ಇರಲಿ. ವಾಟ್ಸಾಪ್‌ನಲ್ಲಿ ಒಂದೊಂದು ಪುಟದ ಫೋಟೋ ಹೋಗುತ್ತದೆ. ಮುಖಪುಟದಲ್ಲಿ ಬರೆದದ್ದು ಯಾರಿಗೂ ತಲುಪುವುದಿಲ್ಲ. ಬದಲಾಯಿಸುವುದು ಕಷ್ಟವಾದರೆ ಕೆಲವು ಫೈಲು ನನಗೆ ಕಳಿಸಿ ಮೇಡಂ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಮಾಡಿಕೊಡುತ್ತೇನೆ. ದುಡ್ಡು ಬೇಡ. ನನ್ನ ಮಗಳೂ ಸರಕಾರಿ ಶಾಲೆಯಲ್ಲೇ ಒಂಬತ್ತನೇ ತರಗತಿ.

ಮರುಮಾತು: ವಿಜ್ಞಾನ ಟೀಚರ್, ಚಿತ್ತಾಪುರ

ಎಲ್ಲರಿಗೂ ಭಾಳ ಧನ್ಯವಾದ. ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಗುಂಪಿನಲ್ಲಿ ಮಾತಾಡಿದೆವು. ಬೈ-ಎಸ್‌ಎ 4.0 ಎಂದು ಒಪ್ಪಿದ್ದೇವೆ. ಇಬ್ಬರು ಇನ್ನೂ ಯೋಚಿಸುತ್ತೇವೆ ಎಂದಿದ್ದಾರೆ, ಅವರ ಹಾಳೆಗಳನ್ನು ಈಗ ಮುಟ್ಟುವುದಿಲ್ಲ. ಡಯಟ್‌ಗೆ ಪತ್ರ ತಯಾರಾಗಿದೆ. ಒಪ್ಪಿಗೆ ಕೈಗೆ ಬಂದ ಮೇಲೆಯೇ ಏರಿಸುತ್ತೇವೆ. ಮೊದಲು ಹೋಗುವುದು ಸುಣ್ಣದ ಕಲ್ಲಿನ ಹಾಳೆ ಮತ್ತು ತೊಗರಿ ಹಾಳೆ, ಯಾಕೆಂದರೆ ಅವೆರಡರಲ್ಲೂ ಎಲ್ಲಾ ಚಿತ್ರ ನಮ್ಮದೇ. ಪಠ್ಯಪುಸ್ತಕದ ಚಿತ್ರ ಇರುವ ಹಾಳೆಗಳಿಗೆ ನಮ್ಮ ಚಿತ್ರಕಲಾ ಸರ್ ಹೊಸದಾಗಿ ಬರೆದುಕೊಡುತ್ತಾರಂತೆ.

ಪುಟದ ಕೆಳಗಿನ ಸಾಲು ಹೀಗೆ ಇಟ್ಟಿದ್ದೇವೆ, ತಪ್ಪಿದ್ದರೆ ತಿದ್ದಿ: "ಸುಣ್ಣದ ಕಲ್ಲು, ಹತ್ತನೇ ತರಗತಿ ವಿಜ್ಞಾನ. ಮಾಡಿದವರು: ಚಿತ್ತಾಪುರ–ಸೇಡಂ ವಿಜ್ಞಾನ ಶಿಕ್ಷಕರು. ಜಂಬಿಟ್ಟಿಗೆ ಪ್ರಶ್ನೆ: ಔರಾದ್ ಗಣಿತ ಶಿಕ್ಷಕರು. ಕ್ರಿಯೇಟಿವ್ ಕಾಮನ್ಸ್ ಬೈ-ಎಸ್‌ಎ 4.0. ಹೆಸರು ಹಾಕಿ, ತಿದ್ದಿ, ಇದೇ ಪರವಾನಗಿಯಲ್ಲಿ ಹಂಚಿ." ಇದರ ಪಕ್ಕ ಮೂಲ ಫೈಲಿನ ಲಿಂಕ್ ಇರುತ್ತದೆ.

ಹುಮನಾಬಾದ್ ಅಣ್ಣಾ, ಗಣಿತದ ಫೈಲುಗಳೇ ಕಷ್ಟದವು, ಅವನ್ನು ನಿಮಗೆ ಕಳಿಸುತ್ತೇನೆ. ವಿಜ್ಞಾನದ್ದು ನಾವೇ ಮಾಡಿಕೊಳ್ಳುತ್ತೇವೆ. ಸುರಪುರದ ಸರ್, ಸನ್ನತಿಗೆ ಯಾವಾಗ ಬರುತ್ತೀರಿ ಹೇಳಿ, ನಮ್ಮ ಸಮಾಜ ವಿಜ್ಞಾನ ಟೀಚರ್ ಕೂಡ ಬರುತ್ತಾರೆ. ಫೋಟೋಗೆ ಬಿಸಿಲು ಏರುವ ಮೊದಲೇ ಹೋಗಬೇಕು.

ಉತ್ತರ: ಅತಿಥಿ ಶಿಕ್ಷಕಿ, ಗುರುಮಠಕಲ್

ಅಕ್ಕಾ, ಒಪ್ಪಿಗೆ ಬಂದ ಕೂಡಲೇ ತೊಗರಿ ಹಾಳೆ ಮೊದಲು ಹಾಕಿ. ಈಗ ನಮ್ಮ ಕಡೆ ಗಿಡ ಇನ್ನೂ ಎಳೆಯದಿವೆ, ಗಂಟು ಚೆನ್ನಾಗಿ ಸಿಗುತ್ತದೆ. ಎಂಟನೇ ತರಗತಿಗೆ ಚಿಕ್ಕ ವಾಕ್ಯದಲ್ಲಿ ನಾನು ಮಾಡಿ, ಅದೇ ಪರವಾನಗಿಯಲ್ಲಿ ಇಲ್ಲೇ ಹಾಕುತ್ತೇನೆ.